ದತ್ತಾಂಶ ಕೇಂದ್ರಗಳ ಮಿತವ್ಯಯದ ತಂಪು ವ್ಯವಸ್ಥೆ: ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ದೃಷ್ಟಿಯಿಂದ ಒಂದು ಅವಲೋಕನ

ಪೀಠಿಕೆ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಂಚಣಿ ಮುಂತಾದ ಸೇವೆಗಳನ್ನು ಕೋರಿ ಬರುವ ಅರ್ಜಿದಾರರಿಗೆ "ಸರ್ವರ್ ಇಲ್ಲ" ಎಂಬ ಉತ್ತರವು ಅಪರಿಚಿತವಲ್ಲ. ಕೊಲ್ಲೂರಿನಿಂದ ಬೈಂದೂರಿಗೆ ಅಥವಾ ಸಿದ್ಧಾಪುರದಿಂದ ಕುಂದಾಪುರಕ್ಕೆ ಬಂದ ವ್ಯಕ್ತಿಯು ಈ ಉತ್ತರ ಕೇಳಿ ಹಿಂದಿರುಗಿದರೆ, ಬಸ್ಸಿನ ವೆಚ್ಚದೊಡನೆ ಒಂದು ದಿನದ ಕೂಲಿಯೂ ನಷ್ಟವಾಗುತ್ತದೆ. ಈ ಅಡಚಣೆಗೆ ಹಲವು ಕಾರಣಗಳಿದ್ದು, ಯಂತ್ರಗಳ ಅತಿಯಾದ ಶಾಖವು ಅವುಗಳಲ್ಲೊಂದು. ಈ ಶಾಖವನ್ನು ಕಡಿಮೆ ವಿದ್ಯುತ್ ಬಳಸಿ ಹೊರಹಾಕುವ ವಿಧಾನಗಳನ್ನು, ವಿಶೇಷವಾಗಿ ಕರಾವಳಿಗೆ ಹೊಂದುವ ವಿಧಾನಗಳನ್ನು, ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಭೂಮಿ ಯೋಜನೆಯು 2000ದ ದಶಕದ ಆರಂಭದಲ್ಲಿ ರಾಜ್ಯದ ಆಗಿನ 177 ತಾಲ್ಲೂಕುಗಳಲ್ಲಿ ಜಾರಿಗೆ ಬಂದಾಗ, ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಆಗ ಪ್ರತಿ ತಾಲ್ಲೂಕು ಕಚೇರಿಯಲ್ಲಿಯೇ ಸರ್ವರ್ ಇದ್ದು, ಅದಕ್ಕೆ ಪ್ರತ್ಯೇಕ ಕೊಠಡಿ ಮತ್ತು ಹವಾನಿಯಂತ್ರಣದ ಅಗತ್ಯವಿತ್ತು. ಮುಂದೆ ಮಾಹಿತಿಯನ್ನು ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಕೇಂದ್ರೀಕರಿಸಲಾಯಿತು. 2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲ್ಲೂಕುಗಳಾದವು. ಕಚೇರಿಗಳು ಹೆಚ್ಚಾದರೂ ಪ್ರತಿ ಕಚೇರಿಯಲ್ಲಿ ದೊಡ್ಡ ಸರ್ವರ್ ಕೊಠಡಿ ಈಗ ಅನಿವಾರ್ಯವಲ್ಲ. ಜಾಲ ಸಂಪರ್ಕದ ಉಪಕರಣಗಳು, ಯುಪಿಎಸ್ ಮತ್ತು ಬ್ಯಾಟರಿಗಳು ಮಾತ್ರ ಸ್ಥಳೀಯವಾಗಿರಬೇಕಾಗುತ್ತದೆ.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಪ್ರಪಂಚದ ದತ್ತಾಂಶ ಕೇಂದ್ರಗಳು ಸುಮಾರು 415 ಶತಕೋಟಿ ಯೂನಿಟ್ ವಿದ್ಯುತ್ ಬಳಸಿರುತ್ತವೆ. ಇದು ಪ್ರಪಂಚದ ಒಟ್ಟು ವಿದ್ಯುತ್ ಬಳಕೆಯ ಸುಮಾರು ಶೇ. 1.5ರಷ್ಟು. 2030ರ ವೇಳೆಗೆ ಈ ಪ್ರಮಾಣವು ಎರಡು ಪಟ್ಟಿಗಿಂತ ಹೆಚ್ಚಾಗಬಹುದೆಂದು ಅದೇ ಸಂಸ್ಥೆ ಅಂದಾಜಿಸಿದೆ. ಆದಕಾರಣ ತಂಪುಗೊಳಿಸುವ ವೆಚ್ಚವು ತಾಂತ್ರಿಕ ವಿಷಯವಾಗಿ ಮಾತ್ರ ಉಳಿಯದೆ ಸಾರ್ವಜನಿಕ ಹಣದ ವಿಷಯವೂ ಆಗಿದೆ.

ವೆಚ್ಚದ ಲೆಕ್ಕ

ಸರ್ವರ್ ಬಳಸುವ ವಿದ್ಯುತ್ತು ಬಹುತೇಕ ಪೂರ್ಣವಾಗಿ ಶಾಖವಾಗಿ ಪರಿವರ್ತನೆಯಾಗುತ್ತದೆ. ಆ ಶಾಖವನ್ನು ಹೊರಹಾಕಲು ಮತ್ತೆ ವಿದ್ಯುತ್ ಬೇಕು. ಕೇಂದ್ರವು ಬಳಸುವ ಒಟ್ಟು ವಿದ್ಯುತ್ತನ್ನು ಗಣಕಯಂತ್ರಗಳು ಬಳಸುವ ವಿದ್ಯುತ್ತಿನಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ದಕ್ಷತೆಯ ಅಳತೆಯಾಗಿ ಪರಿಗಣಿಸಲಾಗುತ್ತದೆ. ಈ ಸಂಖ್ಯೆ 1ಕ್ಕೆ ಹತ್ತಿರವಾದಷ್ಟೂ ಉತ್ತಮ. ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಸಮೀಕ್ಷೆಗಳ ಪ್ರಕಾರ ಇದರ ಸರಾಸರಿಯು 2007ರಲ್ಲಿ 2.5 ಇದ್ದು, 2024ರಲ್ಲಿ 1.56ಕ್ಕೆ ಇಳಿದಿರುತ್ತದೆ.

ಉದಾಹರಣೆಗೆ, 10 ಕಿಲೋವಾಟ್ ಗಣಕಯಂತ್ರಗಳಿರುವ ಒಂದು ಕೊಠಡಿಯ ಅಳತೆಯು 2.0 ಇದ್ದರೆ ತಂಪು ವ್ಯವಸ್ಥೆ ಮತ್ತು ಇತರ ನಷ್ಟಗಳಿಗೆ ಇನ್ನೂ 10 ಕಿಲೋವಾಟ್ ಬೇಕು. ಅಳತೆಯನ್ನು 1.5ಕ್ಕೆ ಇಳಿಸಿದರೆ 5 ಕಿಲೋವಾಟ್ ಸಾಕು. ಉಳಿತಾಯವು ದಿನಕ್ಕೆ 120 ಯೂನಿಟ್, ವರ್ಷಕ್ಕೆ 43,800 ಯೂನಿಟ್. ತಿಂಗಳಿಗೆ 100 ಯೂನಿಟ್ ಬಳಸುವ 36 ಮನೆಗಳಿಗೆ ವರ್ಷವಿಡೀ ಇದು ಸಾಕಾಗುತ್ತದೆ.

ಕರಾವಳಿಯ ವಿಶೇಷ ಸಮಸ್ಯೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಅಲ್ಲಿ ಚಳಿಗಾಲದ ರಾತ್ರಿಯ ಹೊರಗಿನ ಗಾಳಿಯನ್ನೇ ಯಂತ್ರಗಳನ್ನು ತಂಪುಗೊಳಿಸಲು ಬಳಸಿಕೊಳ್ಳಬಹುದು. ಕುಂದಾಪುರದಲ್ಲಿ ಇದು ಕಷ್ಟಸಾಧ್ಯ. ನಮ್ಮಲ್ಲಿ ತೊಂದರೆ ಬಿಸಿಲಿಗಿಂತ ಹೆಚ್ಚಾಗಿ ತೇವಾಂಶದ್ದು. ಸರ್ವರ್‌ಗಳಿಗೆ ನೀಡುವ ಗಾಳಿಯಲ್ಲಿ ನೀರಾವಿಯು ಹನಿಗಟ್ಟುವ ಉಷ್ಣತೆಯು 15 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂದು ಅಮೆರಿಕದ ಆಶ್ರೇ ಸಂಸ್ಥೆ ಶಿಫಾರಸು ಮಾಡಿದೆ. ಮಳೆಗಾಲದ ಕರಾವಳಿಯ ಗಾಳಿಯಲ್ಲಿ ಇದು 23 ಡಿಗ್ರಿಗೂ ಮೀರಿರುತ್ತದೆ. ಅಂತಹ ಗಾಳಿಯನ್ನು ನೇರವಾಗಿ ಒಳಬಿಟ್ಟರೆ ಉಪಕರಣಗಳಿಗೆ ತೇವ ಮತ್ತು ಉಪ್ಪಿನಿಂದ ತುಕ್ಕಿನ ಅಪಾಯವಿದೆ.

ನೀರನ್ನು ಆವಿಯಾಗಿಸಿ ಗಾಳಿಯನ್ನು ತಂಪುಗೊಳಿಸುವ ವಿಧಾನವು ಕಲಬುರಗಿ, ರಾಯಚೂರುಗಳ ಒಣ ಬೇಸಿಗೆಯಲ್ಲಿ ಉತ್ತಮ ಫಲ ನೀಡುತ್ತದೆ. ತೇವಭರಿತ ಕರಾವಳಿಯಲ್ಲಿ ಅದರ ಫಲ ಅಲ್ಪ. ಅಲ್ಲದೆ, ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬಿದ್ದರೂ ಮಾರ್ಚ್‌ನಿಂದ ಮೇ ತನಕ ನಮ್ಮ ಅನೇಕ ಗ್ರಾಮಗಳಲ್ಲಿ ಬಾವಿಗಳು ಬತ್ತುತ್ತವೆ, ಹೊಳೆಬದಿಯ ಬಾವಿಗಳ ನೀರು ಉಪ್ಪಾಗುತ್ತದೆ. ಕುಡಿಯುವ ನೀರಿಗೇ ಕೊರತೆಯಿರುವಾಗ ಯಂತ್ರಗಳಿಗಾಗಿ ಸಿಹಿನೀರನ್ನು ಆವಿಯಾಗಿಸುವುದು ಸೂಕ್ತವೆನಿಸದು.

ಸಮುದ್ರದ ನೀರಿನ ಬಳಕೆ

ಪಕ್ಕದಲ್ಲಿಯೇ ಸಮುದ್ರವಿರುವಾಗ ಅದನ್ನೇಕೆ ಬಳಸಬಾರದೆಂಬ ಪ್ರಶ್ನೆ ಸಹಜ. ಫಿನ್‌ಲ್ಯಾಂಡಿನ ಹಾಮಿನಾದಲ್ಲಿ ಗೂಗಲ್ ಸಂಸ್ಥೆಯು ಹಳೆಯ ಕಾಗದದ ಕಾರ್ಖಾನೆಯನ್ನು ದತ್ತಾಂಶ ಕೇಂದ್ರವಾಗಿ ಪರಿವರ್ತಿಸಿ, 2011ರಿಂದ ಸಮುದ್ರದ ನೀರಿನಿಂದ ತಂಪುಗೊಳಿಸುತ್ತಿದೆ. ಆದರೆ ಅಲ್ಲಿಯ ನೀರು ತಣ್ಣಗಿರುತ್ತದೆ. ನಮ್ಮ ಕಡಲಿನ ಮೇಲ್ಭಾಗದ ನೀರು ವರ್ಷದ ಹೆಚ್ಚಿನ ಭಾಗ 27ರಿಂದ 30 ಡಿಗ್ರಿ ಇರುವುದರಿಂದ ಆ ಮಾದರಿಯನ್ನು ಯಥಾವತ್ತಾಗಿ ಅನುಸರಿಸಲಾಗದು.

ಬೆಚ್ಚಗಿನ ನೀರೂ ಉಪಯೋಗಕ್ಕೆ ಬರುವ ಇನ್ನೊಂದು ವಿಧಾನವಿದೆ. ಅದರಲ್ಲಿ ಗಾಳಿಯ ಬದಲು ದ್ರವವನ್ನು ಕೊಳವೆಗಳ ಮೂಲಕ ಸಂಸ್ಕಾರಕದವರೆಗೆ ಒಯ್ಯಲಾಗುತ್ತದೆ. ಸಮಾನ ಗಾತ್ರದ ಗಾಳಿಗಿಂತ ನೀರು ಸುಮಾರು 3,500 ಪಟ್ಟು ಹೆಚ್ಚು ಶಾಖವನ್ನು ಹೊರಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಮಹಾಗಣಕವು ಈ ವಿಧಾನವನ್ನು ಬಳಸುತ್ತದೆ. ಮುಂದೆ ಕರಾವಳಿಯಲ್ಲಿ ದೊಡ್ಡ ಕೇಂದ್ರಗಳು ಬರುವುದಾದರೆ ಇದು ಪರಿಶೀಲನಾರ್ಹ. ಆದರೆ ಕಡಲಿಗೆ ಮರಳಿ ಬಿಡುವ ಬಿಸಿನೀರಿನಿಂದ ಗಂಗೊಳ್ಳಿ, ಮರವಂತೆಯಂತಹ ಊರುಗಳ ಮೀನುಗಾರರಿಗೆ ತೊಂದರೆಯಾಗದಂತೆ ಮೊದಲೇ ಅಧ್ಯಯನ ನಡೆಸುವುದು ಅವಶ್ಯ.

ಈಗಲೇ ಕೈಗೊಳ್ಳಬಹುದಾದ ಕ್ರಮಗಳು

ಕಚೇರಿ, ಬ್ಯಾಂಕು, ಆಸ್ಪತ್ರೆ ಮತ್ತು ಸಹಕಾರಿ ಸಂಘಗಳ ಸಣ್ಣ ಸರ್ವರ್ ಕೊಠಡಿಗಳಿಗೆ ಹೊಸ ಯಂತ್ರಗಳ ಖರೀದಿಗಿಂತ ಶಿಸ್ತಿನ ನಿರ್ವಹಣೆಯೇ ಹೆಚ್ಚು ಲಾಭಕರ.

1. ಸರ್ವರ್‌ಗಳಿಗೆ ಪ್ರವೇಶಿಸುವ ಗಾಳಿಯು 18ರಿಂದ 27 ಡಿಗ್ರಿಯವರೆಗೆ ಇರಬಹುದೆಂದು ಆಶ್ರೇ ಸಂಸ್ಥೆ 2008ರಲ್ಲಿಯೇ ತಿಳಿಸಿದೆ. ಕೊಠಡಿಯನ್ನು 16 ಡಿಗ್ರಿಯಲ್ಲಿ ಇಡುವುದು ಅನಗತ್ಯ. ಕೊಠಡಿ ಹವಾನಿಯಂತ್ರಣ ಯಂತ್ರಗಳಲ್ಲಿ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುವುದೆಂದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ತಿಳಿಸಿದೆ.

2. ತಂಪು ಗಾಳಿ ಮತ್ತು ಯಂತ್ರಗಳ ಹಿಂಬದಿಯ ಬಿಸಿಗಾಳಿ ಬೆರೆಯದಂತೆ ಕಪಾಟುಗಳನ್ನು ಮುಖಾಮುಖಿಯಾಗಿ ಜೋಡಿಸಿ, ಖಾಲಿ ಜಾಗಗಳನ್ನು ಮುಚ್ಚಬೇಕು.

3. ಬಾಗಿಲು, ಕಿಟಕಿ ಮತ್ತು ಕೇಬಲ್ ರಂಧ್ರಗಳನ್ನು ಭದ್ರಪಡಿಸಬೇಕು. ಒಳನುಗ್ಗಿದ ತೇವವನ್ನು ತೆಗೆಯಲು ವ್ಯಯವಾಗುವ ವಿದ್ಯುತ್ತೇ ಕರಾವಳಿಯಲ್ಲಿ ದೊಡ್ಡ ಹೊರೆ.

4. ಹೊರಗಿರುವ ಘಟಕದ ಮೇಲೆ ಕೂರುವ ಉಪ್ಪು ಮತ್ತು ಧೂಳನ್ನು ಮಳೆಗಾಲದ ಮೊದಲು ಮತ್ತು ನಂತರ ತೊಳೆಸಬೇಕು.

5. ಬಳಕೆಯಲ್ಲಿಲ್ಲದ ಹಳೆಯ ಸರ್ವರ್‌ಗಳನ್ನು ಸ್ಥಗಿತಗೊಳಿಸಿ, ಮಾಹಿತಿಯನ್ನು ಸಾಮಾನ್ಯ ದತ್ತಾಂಶ ಕೇಂದ್ರಕ್ಕೆ ವರ್ಗಾಯಿಸಬೇಕು. ನಡೆಯದ ಯಂತ್ರಕ್ಕೆ ತಂಪಿನ ವೆಚ್ಚವೇ ಇರುವುದಿಲ್ಲ.

ಅರ್ಜಿದಾರರ ಗಮನಕ್ಕೆ

"ಸರ್ವರ್ ಇಲ್ಲ" ಎಂದರೆ ಕೇಂದ್ರದ ಸರ್ವರ್ ಸ್ಥಗಿತಗೊಂಡಿರಬಹುದು, ನಡುವಿನ ಜಾಲ ಸಂಪರ್ಕ ಕಡಿದಿರಬಹುದು, ಇಲ್ಲವೇ ಸ್ಥಳೀಯ ವಿದ್ಯುತ್ ಅಥವಾ ಉಪಕರಣ ಕೈಕೊಟ್ಟಿರಬಹುದು. ಇವುಗಳಲ್ಲಿ ಯಾವುದೆಂದು ವಿಚಾರಿಸಿ ತಿಳಿದುಕೊಂಡಲ್ಲಿ, ಕಾಯುವುದೋ ಇನ್ನೊಂದು ದಿನ ಬರುವುದೋ ಎಂಬುದನ್ನು ತಾವೇ ನಿರ್ಧರಿಸಬಹುದು. ಸಕಾಲ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆದು ಕಾಯ್ದಿರಿಸತಕ್ಕದ್ದು. ವಿಳಂಬವಾದಲ್ಲಿ ದಿನಕ್ಕೆ 20 ರೂ.ಗಳಂತೆ ಗರಿಷ್ಠ 500 ರೂ.ಗಳವರೆಗೆ ಪರಿಹಾರ ವೆಚ್ಚಕ್ಕೆ ಅಧಿನಿಯಮದಲ್ಲಿ ಅವಕಾಶವಿದೆ.

ಉಪಸಂಹಾರ

ದುಬಾರಿ ಯಂತ್ರವನ್ನು ಕೊಂಡು ಬಾಗಿಲು ತೆರೆದಿಟ್ಟರೆ ಹಣವೂ ವಿದ್ಯುತ್ತೂ ವ್ಯರ್ಥ. ಈ ಮೂರೂ ತಾಲ್ಲೂಕುಗಳಿಗೆ ಯುಕ್ತವಾದ ಮಾರ್ಗವೆಂದರೆ ಸಣ್ಣ ಸರ್ವರ್ ಕೊಠಡಿಗಳನ್ನು ಹೆಚ್ಚಿಸದಿರುವುದು ಮತ್ತು ಇರುವ ಕೊಠಡಿಗಳನ್ನು ತೇವದಿಂದ ರಕ್ಷಿಸುವುದು. ದೂರದಿಂದ ಬಂದ ಅರ್ಜಿದಾರರು ಬರಿಗೈಯಲ್ಲಿ ಹಿಂದಿರುಗುವಂತಾಗಬಾರದೆಂಬುದೇ ಈ ಎಲ್ಲ ಕ್ರಮಗಳ ಉದ್ದೇಶ. ಸರ್ವರ್ ಕೊಠಡಿಗಳನ್ನು ಹೊಂದಿರುವ ಸಂಸ್ಥೆಗಳು ಮೇಲ್ಕಂಡ ಅಂಶಗಳನ್ನು ಪರಿಶೀಲಿಸಿ ಸಹಕರಿಸಬೇಕಾಗಿ ಕೋರಲಾಗಿದೆ.