ರ‍್ಯಾಂಪಿಗೆ ದುಡ್ಡು, ಬಾಕಿಗೆ ಪಂಗನಾಮ!

ಹೊಸ ಫ್ಯಾಷನ್ ಡಿಸೈನರುಗಳಿಗೆ ನೆರವು ಅಂದ ತಕ್ಷಣ ಎಲ್ಲರೂ ಲಂಡನ್ ಕಡೆ ಕೈ ತೋರಿಸ್ತಾರೆ. ಅಲ್ಲಿನ ಬ್ರಿಟಿಷ್ ಫ್ಯಾಷನ್ ಕೌನ್ಸಿಲ್ ಲಾಭಕ್ಕಾಗಿ ನಡೆಯೋ ಸಂಸ್ಥೆಯಲ್ಲ. ಅದರ 'ನ್ಯೂಜೆನ್' ಯೋಜನೆ ಶುರುವಾಗಿದ್ದು 1993ರಲ್ಲಿ. ಮೊದಮೊದಲು ನೆರವು ಪಡೆದವರಲ್ಲಿ ಅಲೆಕ್ಸಾಂಡರ್ ಮೆಕ್ವೀನ್ ಒಬ್ಬ. ದುಡ್ಡು, ಶೋ, ವ್ಯವಹಾರದ ಪಾಠ ಎಲ್ಲಾ ಕೊಡ್ತಾರೆ. ಸಂತೋಷ.

ಆದ್ರೆ ಸ್ವಾಮಿ, ಶೋ ಮುಗಿದ ಮೇಲೆ? ಅಂಗಡಿಯವರು ಆರ್ಡರ್ ಕೊಡ್ತಾರೆ, ದುಡ್ಡು ಕೊಡಲ್ಲ. ಬಟ್ಟೆ ಕೊಳ್ಳೋಕೆ, ಹೊಲಿಯೋರಿಗೆ ಕೂಲಿ ಕೊಡೋಕೆ ಡಿಸೈನರೇ ಸಾಲ ಮಾಡಬೇಕು. ಸರಕು ತಲುಪೋದು ತಿಂಗಳುಗಳ ನಂತರ, ಹಣ ಬರೋದು ಅದಕ್ಕೂ ಆಮೇಲೆ... ಬಂದರೆ! 2024ರ ಮಾರ್ಚ್‌ನಲ್ಲಿ 'ಮ್ಯಾಚಸ್' ಅನ್ನೋ ದೊಡ್ಡ ಆನ್‌ಲೈನ್ ಅಂಗಡಿ ದಿವಾಳಿ ಎದ್ದಾಗ ಎಷ್ಟೋ ಸಣ್ಣ ಡಿಸೈನರುಗಳ ಬಾಕಿ ಅಲ್ಲೇ ಸಿಕ್ಕಿಕೊಂಡಿತು. ಕೆಲವರ ಸರಕೂ ಗೋದಾಮಿನಲ್ಲೇ ಉಳಿಯಿತು. ಅದಕ್ಕೂ ಮೊದಲು, 2023ರ ಸೆಪ್ಟೆಂಬರ್‌ನಲ್ಲಿ, ಡಿಲಾರಾ ಫಿಂಡಿಕೊಗ್ಲು ದುಡ್ಡಿಲ್ಲ ಅಂತ ತನ್ನ ಶೋವನ್ನೇ ರದ್ದು ಮಾಡಿದ್ದಳು. ಪತ್ರಿಕೆಗಳಲ್ಲಿ ಹೊಗಳಿಕೆಗೇನೂ ಕೊರತೆ ಇರಲಿಲ್ಲ!

ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲೂ ಇದೇ ಕಥೆ ತಾನೇ? ಡೆಮೊಗೆ ಚಪ್ಪಾಳೆ ತಟ್ಟಿದವರು ಸರ್ವರ್ ಬಿಲ್ ಬಂದಾಗ ಮಾಯ :-)

ಶೋ ಬೇಡ ಅಂತ ನಾನು ಹೇಳ್ತಿಲ್ಲ. ನೆರವು ಕೊಡೋ ಸಂಸ್ಥೆಗಳು ಆರ್ಡರ್ ಪತ್ರ ನೋಡಿ ಕಡಿಮೆ ಬಡ್ಡಿಗೆ ಸಾಲ ಕೊಡಲಿ, ಬ್ಯಾಂಕಿಗೆ ಜಾಮೀನು ನಿಲ್ಲಲಿ. ಅದೂ ಆಗಲ್ಲವಾ? ಒಬ್ಬ ಒಳ್ಳೇ ವಕೀಲನನ್ನಾದ್ರೂ ಇಟ್ಟುಕೊಡಲಿ, ಮುಂಗಡ ಕೊಡದ ಅಂಗಡಿಗೆ ಸರಕು ಕಳಿಸಬೇಡ ಅಂತ ಆ ಹುಡುಗ ಹುಡುಗೀರಿಗೆ ಹೇಳೋಕೆ.