ಮನಸ್ಸಿನ ಮಾತ್ರೆಗೆ ಬೆಂಗಳೂರಿನ ಬಸ್ ಹತ್ತಬೇಕೆ?

ನಮ್ಮ ಶಾಲೆಯಲ್ಲಿ ಆರನೇ ತರಗತಿ ಓದುವ ಹುಡುಗಿಯೊಬ್ಬಳು ಪ್ರತಿ ತಿಂಗಳೂ ಒಂದೆರಡು ದಿನ ಬರುವುದಿಲ್ಲ. ಕೇಳಿದರೆ "ಅಮ್ಮನ್ನ ಬೆಂಗಳೂರು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ವಿ ಸಾರ್" ಎಂದಳು. ಏನು ಕಾಯಿಲೆ ಎಂದದ್ದಕ್ಕೆ ತಲೆ ತಗ್ಗಿಸಿದಳು. ಆಮೇಲೆ ಅವಳ ಅಪ್ಪನೇ ಬಂದು ಹೇಳಿದರು. ಆಕೆಗೆ ಎಷ್ಟೋ ವರ್ಷದಿಂದ ತಲೆನೋವು, ಎದೆಯುರಿ, ರಾತ್ರಿ ನಿದ್ದೆ ಇಲ್ಲ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ನಡುವೆ ತಾಯಿತ ಕಟ್ಟಿಸಿದ್ದೂ ಆಯಿತು. ಕೊನೆಗೆ ಬೆಂಗಳೂರಿನಲ್ಲಿ ಗೊತ್ತಾಯಿತು, ಇದು ಖಿನ್ನತೆ ಎಂದು.

ಧರ್ಮಪುರಿಯಿಂದ ಬೆಂಗಳೂರಿಗೆ ಸುಮಾರು 130 ಕಿ.ಮೀ., ಸೇಲಂನಿಂದ 200. ಬಸ್ ಚಾರ್ಜಿನ ಜೊತೆ ಕೂಲಿಯೂ ಹೋಗುತ್ತದೆ. ಸ್ವಲ್ಪ ಗುಣವಾದಂತೆ ಕಂಡರೆ ಪ್ರಯಾಣವೂ ನಿಲ್ಲುತ್ತದೆ, ಮಾತ್ರೆಯೂ ನಿಲ್ಲುತ್ತದೆ. ಕಾಯಿಲೆ ತಿರುಗಿ ಬರುತ್ತದೆ.

ಮನಸ್ಸಿನ ಚಿಕಿತ್ಸೆಯನ್ನು ಸಾಮಾನ್ಯ ಆಸ್ಪತ್ರೆಯೊಳಗೇ ಸೇರಿಸಬೇಕೆಂದು 1982ರ ರಾಷ್ಟ್ರೀಯ ಕಾರ್ಯಕ್ರಮವೇ ಹೇಳಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಇದು ಆಗುತ್ತದೆಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2001ರ ಆಗಸ್ಟ್ 6ರಂದು ನಮ್ಮ ರಾಜ್ಯದ ಏರ್ವಾಡಿಯಲ್ಲಿ ಸರಪಳಿ ಹಾಕಿದ್ದ 28 ಮಂದಿ ಬೆಂಕಿಯಲ್ಲಿ ಸತ್ತರು. 2017ರ ಕಾಯಿದೆ ಈ ಚಿಕಿತ್ಸೆಯನ್ನು ಹಕ್ಕು ಎಂದಿತು. ಕಾಗದದ ಮೇಲೆ ಯಾವುದಕ್ಕೂ ಕೊರತೆಯಿಲ್ಲ.

ದಾರಿಯೂ ಇದೆ. 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟ್‌ನಲ್ಲಿ ಶುರುವಾದದ್ದು ಪಕ್ಕದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ (2004ರ ತನಕ ಅದೂ ಧರ್ಮಪುರಿ ಜಿಲ್ಲೆಯೇ). ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆ ಬಾಗಿಲಿಗೇ ತಂದುಕೊಡುತ್ತಾರೆ. ವೈದ್ಯರು ಒಮ್ಮೆ ನೋಡಿ ಬರೆದುಕೊಟ್ಟ ಮನಸ್ಸಿನ ಮಾತ್ರೆಯೂ ಎಲ್ಲರಿಗೂ ಅದೇ ಚೀಲದಲ್ಲಿ ಬರಬಾರದೇ? ತಂದುಕೊಡುವ ಅಕ್ಕ "ನಿದ್ದೆ ಬರುತ್ತಾ? ಊಟ ಸೇರುತ್ತಾ?" ಎಂದು ಕೇಳಿದರೆ ಅರ್ಧ ಕೆಲಸ ಆದಂತೆ.

ಆದರೆ ಯಾವ ಭಾಷೆಯಲ್ಲಿ ಕೇಳುತ್ತಾರೆ? ಬಿ.ಪಿ. ಮೆಷಿನ್ನಿಗೆ ಭಾಷೆ ಬೇಡ, ಖಿನ್ನತೆಗೆ ಬೇಕು. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಮಾತು ಕನ್ನಡವೇ. ನಮ್ಮ ಹೆಂಗಸರಿಗೆ ಸಂತೆಗೆ ಬೇಕಾದಷ್ಟು ತಮಿಳು ಬರುತ್ತದೆ; "ಜೀವವೇ ಬೇಡ ಅನ್ನಿಸುತ್ತೆ" ಎನ್ನುವುದು ಮಾತ್ರ ಕನ್ನಡದಲ್ಲೇ ಬರುತ್ತದೆ. ವೈದ್ಯರು ತಮಿಳಿನಲ್ಲಿ ಕೇಳಿದಾಗ ಅದೇ ಮಾತು "ತಲೆವಲಿ" ಆಗಿಬಿಡುತ್ತದೆ. ವೈದ್ಯರದೇ ತಪ್ಪು ಎನ್ನಲಾರೆ. ಕನ್ನಡಿಗರು ಹೆಚ್ಚಿರುವ ಊರುಗಳಲ್ಲಿ ಎರಡೂ ಭಾಷೆ ಬಲ್ಲ ಸ್ಥಳೀಯ ಹೆಣ್ಣುಮಗಳೊಬ್ಬಳಿಗೆ ತರಬೇತಿ ಕೊಟ್ಟರೆ ಸಾಕು.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416ಕ್ಕೆ ಪುಕ್ಕಟೆಯಾಗಿ ಫೋನ್ ಮಾಡಬಹುದು, ಕನ್ನಡವೂ ಇದೆ. ಸಂಖ್ಯೆಯನ್ನು ತರಗತಿಯ ಗೋಡೆ ಮೇಲೆ ಬರೆಸಿದ್ದೇನೆ. ಒಳ್ಳೆಯದೇ. ಆದರೆ ಫೋನು ಮಾತ್ರೆ ಕೊಡುವುದಿಲ್ಲ.

ಮುಂದಿನ ವಾರ ಆ ಹುಡುಗಿಗೆ ಅರೆವಾರ್ಷಿಕ ಪರೀಕ್ಷೆ. ಅಮ್ಮ ಬೆಂಗಳೂರಿಗೆ ಹೋಗಬೇಕಾದ ದಿನವೂ ಆ ವಾರವೇ ಬಂದಿದೆ.