ನಗೆಯೆಂಬ ಗುರಾಣಿ

ನಗಿಸುವವನ ಮನೆಯಲ್ಲಿ ಸದಾ ನಗೆಯೇ ತುಂಬಿರುವುದೆಂದು ನಾವು ಭಾವಿಸುವುದುಂಟು. ಅಮೆರಿಕದ ಹಾಸ್ಯನಟ ರಿಚರ್ಡ್ ಬೆಲ್ಜರ್ ಅವರ ಬಾಳು ಹಾಗಿರಲಿಲ್ಲ. 1944ರಲ್ಲಿ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟಿನಲ್ಲಿ ಜನಿಸಿದ ಅವರು, ತಾಯಿಯ ಹೊಡೆತ ತಪ್ಪಿಸಿಕೊಳ್ಳಲೆಂದೇ ಆಕೆಯನ್ನು ನಗಿಸಲು ಕಲಿತುದಾಗಿ ಹೇಳಿಕೊಂಡಿದ್ದರು. ಮುಂದೆ ಪತ್ರಿಕಾ ವರದಿಗಾರಿಕೆ ತೊರೆದು, ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಒಬ್ಬರೇ ನಿಂತು, ಮೊನಚು ಮಾತಿನಿಂದ ಸಭಿಕರನ್ನು ನಗಿಸಿದರು.

ಕೀರ್ತಿ ಒಲಿದುದು 48ನೆಯ ವಯಸ್ಸಿನಲ್ಲಿ. 1993ರಲ್ಲಿ ಆರಂಭವಾದ 'ಹೋಮಿಸೈಡ್' ಎಂಬ ಟೆಲಿವಿಷನ್ ಧಾರಾವಾಹಿಯ ಪತ್ತೇದಾರ ಜಾನ್ ಮಂಚ್ ಪಾತ್ರದಿಂದ. ಕೊಲೆಯಾದವರ ನಡುವೆಯೇ ದಿನ ಕಳೆಯುವ ಮಂಚ್‌ಗೆ ಕಹಿ ಹಾಸ್ಯವೇ ಗುರಾಣಿ. ಅದನ್ನು ಹಿಡಿಯುವ ಬಗೆಯನ್ನು ಬೆಲ್ಜರ್ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. 1999ರಲ್ಲಿ ಧಾರಾವಾಹಿ ಮುಗಿದರೂ ಪಾತ್ರ ಮುಗಿಯಲಿಲ್ಲ. 'ಲಾ ಅಂಡ್ ಆರ್ಡರ್' ಬಳಗದ ಮತ್ತೊಂದು ಧಾರಾವಾಹಿಯನ್ನು ಸೇರಿ 2013ರವರೆಗೆ ಖಾಯಮ್ಮಾಗಿ ನೆಲೆಸಿತು. 'ಎಕ್ಸ್ ಫೈಲ್ಸ್', 'ದ ವೈರ್' ಮೊದಲಾದ ಬೇರೆಯವರ ಕಥೆಗಳಲ್ಲಿಯೂ ಅದೇ ಹೆಸರಿನಿಂದ ಇಣುಕಿತು.

2023ರಲ್ಲಿ ಬೆಲ್ಜರ್ ಫ್ರಾನ್ಸಿನಲ್ಲಿ ನಿಧನರಾದರು. ಪೆಟ್ಟಿನ ಭಯದಿಂದ ಹುಟ್ಟಿದ ನಗೆ ಲೋಕಕ್ಕೆ ಒಬ್ಬ ಕಲಾವಿದನನ್ನು ಕೊಟ್ಟಿತು, ನಿಜ. ಆದರೆ ಆ ಪೆಟ್ಟನ್ನು ಯಾರೂ ಹೊಗಳಲಾರರು. ಮನೆಯಲ್ಲಿ ಎಲ್ಲರನ್ನೂ ನಗಿಸುವ ಮಗುವಿದ್ದರೆ, ಅದು ಸಂತೋಷದಿಂದ ನಗಿಸುತ್ತಿದೆಯೋ ಅಂಜಿಕೆಯಿಂದಲೋ ಎಂದು ಹಿರಿಯರು ಒಮ್ಮೆ ವಿಚಾರಿಸಿಕೊಳ್ಳುವುದು ಲೇಸು.